ಒಂದೇ ಏಟು, ಎರಡು ಗಾಯ

ಆ ಕಡತದಲ್ಲಿ ನಾನು ಮೊದಲು ಓದಿದ್ದು ತೀರ್ಪನ್ನಲ್ಲ, ಗಾಯದ ಪ್ರಮಾಣಪತ್ರಗಳನ್ನು. ಕ್ರಿಮಿನಲ್ ಮೇಲ್ಮನವಿ ಯಾವುದೇ ಬರಲಿ, ವೈದ್ಯರು ಬರೆದ ಹಾಳೆಯಿಂದ ಶುರುಮಾಡುವುದು ನನ್ನ ರೂಢಿ. ಸಾಕ್ಷಿಗಳು ಮರೆಯುತ್ತಾರೆ, ಹೆಚ್ಚಿಸಿ ಹೇಳುತ್ತಾರೆ, ಹೆದರಿ ಮುಚ್ಚಿಡುತ್ತಾರೆ. ಗಾಯದ ಉದ್ದ, ಆಳ ಮಾತ್ರ ಮೊದಲ ದಿನ ಬರೆದಂತೆಯೇ ಉಳಿಯುತ್ತವೆ.

ಮೂರು ಹಾಳೆಗಳಿದ್ದವು. ಮೊದಲನೆಯದು ಅಪರಾಧಿಯ ಹೆಂಡತಿಯದು. ಬಲಗೈಯ ಕಿರುಬೆರಳು, ಉಂಗುರಬೆರಳು ಬುಡದಿಂದ ತುಂಡಾಗಿವೆ, ನಡುಬೆರಳು ಚರ್ಮಕ್ಕೆ ಜೋತುಬಿದ್ದಿದೆ. ಎರಡನೆಯದು ಅವಳ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸಿನದು. ಎಡಗೈಯಲ್ಲಿ, ಮೊಣಕೈಯ ಕೆಳಗೆ, ಎಲುಬು ಕಾಣುವಷ್ಟು ಆಳದ ಗಾಯ, ಎಲುಬು ಮುರಿದಿದೆ. ಮೂರನೆಯದು ಹೆಂಡತಿಯ ಅಣ್ಣನದು. ತಲೆಯ ಎಡಭಾಗದಲ್ಲಿ ಒಂದು ಗೇಣಿಗೆ ತುಸು ಕಡಿಮೆ ಉದ್ದದ ಗಾಯ, ಬುರುಡೆ ಒಳಕ್ಕೆ ಕುಸಿದಿದೆ, ಗಾಯಾಳು ಮಾತನಾಡುವ ಸ್ಥಿತಿಯಲ್ಲಿಲ್ಲ. ಆ ಕೊನೆಯ ಮಾತನ್ನು ವೈದ್ಯರು ಅವತ್ತಿನ ಮಟ್ಟಿಗೆ ಬರೆದಿದ್ದರು. ಮೂರು ವರ್ಷದ ನಂತರವೂ ಅದು ಹೆಚ್ಚುಕಡಿಮೆ ನಿಜವಾಗಿಯೇ ಉಳಿದಿತ್ತು.

ಮೂವರಿಗೂ ಹೊಡೆದವನು ಒಬ್ಬನೇ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ ಕೆಲಸ ಮಾಡುತ್ತಿದ್ದವನು. ವಕೀಲರನ್ನು ಇಟ್ಟುಕೊಳ್ಳಲು ಅವನಿಗೆ ದಿಕ್ಕಿಲ್ಲದ ಕಾರಣ ಉಚಿತ ಕಾನೂನು ನೆರವಿನ ಮೂಲಕ ಕಡತ ನನ್ನ ಮೇಜಿಗೆ ಬಂದಿತ್ತು. ಹಾಳೆಗಳನ್ನು ಮಡಚಿಟ್ಟು ಜಲನಗರದ ನನ್ನ ಮನೆಯ ಅಡುಗೆಮನೆಗೆ ಹೋಗಿ ನೀರು ಕುಡಿದೆ. ಬೇಡ ಎಂದು ಹಿಂದಿರುಗಿಸಬಹುದಿತ್ತು. ನಾನು ಬೇಡವೆಂದರೆ ಅದು ಇನ್ನೊಬ್ಬರ ಮೇಜಿಗೆ ಹೋಗುತ್ತದೆ, ಅಷ್ಟೇ. ಉಳಿಸಿಕೊಂಡೆ.

ನಡೆದದ್ದು ದಾಖಲೆಯ ಪ್ರಕಾರ ಹೀಗೆ. ಹೊಡೆತ ತಾಳಲಾರದೆ ಹೆಂಡತಿ ಮಗಳನ್ನು ಕರೆದುಕೊಂಡು ಬಬಲೇಶ್ವರ ತಾಲೂಕಿನ ನಿಡೋಣಿಯಲ್ಲಿದ್ದ ಅಣ್ಣನ ಮನೆ ಸೇರಿದ್ದಳು. ದ್ರಾಕ್ಷಿ ಸುಗ್ಗಿಯಲ್ಲಿ ಕೂಲಿ ಹೆಂಗಸರನ್ನು ತುಂಬಿಕೊಂಡು ಹೋಗುವ ಟಂಟಂ ಹತ್ತಿ ದಿನಾ ತಿಕೋಟಾದ ಒಣದ್ರಾಕ್ಷಿ ಶೆಡ್ಡಿಗೆ ಬರುತ್ತಿದ್ದಳು. ಒಂದು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಗಂಡ ಕೊಡಲಿ ಹಿಡಿದು ಶೆಡ್ಡಿಗೆ ನುಗ್ಗಿದ. ಅಲ್ಲಿ ಇಬ್ಬರು ಹೆಂಗಸರಿಗೆ ಗಾಯವಾಯಿತು. ಅಲ್ಲಿಂದ ಮೋಟಾರ್ ಸೈಕಲ್ಲಿನಲ್ಲಿ ನಿಡೋಣಿಗೆ ಹೋಗಿ ಹೊಲದಲ್ಲಿದ್ದ ಹೆಂಡತಿಯ ಅಣ್ಣನ ತಲೆಗೆ ಹೊಡೆದ.

ವಿಚಾರಣಾ ನ್ಯಾಯಾಲಯ ಕೊಲೆಯತ್ನ ಸಾಬೀತಾಗಿಲ್ಲ ಎಂದಿತ್ತು. ಮಾರಕಾಯುಧದಿಂದ ಘೋರ ಗಾಯ ಮಾಡಿದ್ದು ಸಾಬೀತಾಗಿದೆ ಎಂದಿತ್ತು. ಹೆಂಡತಿಯ ಕೈಗೆ ಎರಡು ವರ್ಷ, ಜೊತೆಗಾತಿಯ ಕೈಗೆ ಎರಡು ವರ್ಷ, ಅಣ್ಣನ ತಲೆಗೆ ಮೂರು ವರ್ಷ. ಕೊನೆಗೆ ಒಂದು ಸಾಲು: ಕೃತ್ಯದ ಕ್ರೌರ್ಯವನ್ನು ಗಮನಿಸಿ ಈ ಶಿಕ್ಷೆಗಳನ್ನು ಒಂದಾದ ಮೇಲೊಂದರಂತೆ ಅನುಭವಿಸತಕ್ಕದ್ದು. ಒಟ್ಟು ಏಳು.

ನನ್ನ ಕೆಲಸವೆಲ್ಲ ಆ ಒಂದು ಸಾಲಿನ ಮೇಲೆ ನಿಂತಿತ್ತು. ಶಿಕ್ಷೆಗಳು ಒಂದಾದ ಮೇಲೊಂದು ನಡೆದರೆ ಏಳು ವರ್ಷ. ಎಲ್ಲವೂ ಏಕಕಾಲಕ್ಕೆ ನಡೆದರೆ, ಅತಿ ದೊಡ್ಡದು ಯಾವುದೋ ಅಷ್ಟೇ, ಅಂದರೆ ಮೂರು. ಬಂಧನದ ದಿನದಿಂದ ಅವನಿಗೆ ಜಾಮೀನು ಕೊಡುವವರು ಯಾರೂ ಬಂದಿರಲಿಲ್ಲ. ವಿಚಾರಣಾ ಕೈದಿಯಾಗಿ ಕಳೆದ ಕಾಲವನ್ನು ಶಿಕ್ಷೆಯಿಂದ ಕಳೆಯಲೇಬೇಕು. ಆ ಲೆಕ್ಕದಲ್ಲಿ ಮೂರು ವರ್ಷ ಆಗಲೇ ಮುಗಿಯುತ್ತ ಬಂದಿತ್ತು. ಪೂರ್ತಿ ಗೆದ್ದರೆ ನನ್ನ ಕಕ್ಷಿದಾರ ಆ ಸಂಜೆಯೇ ಹೊರಗೆ.

ಶಿಕ್ಷೆ ಒಂದು ದಿನ ಹೆಚ್ಚಿದ್ದರೂ ನಾನು ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಬೇಕಿತ್ತು. ಒಂದಾದ ಮೇಲೊಂದು ನಡೆಯುವ ಶಿಕ್ಷೆಗಳನ್ನು ಮೇಲ್ಮನವಿಯ ಮಟ್ಟಿಗೆ ಒಂದೇ ಶಿಕ್ಷೆ ಎಂದು ಎಣಿಸುತ್ತಾರೆ. ಏಳು ದಾಟಿದರೆ ಹೈಕೋರ್ಟು. ಸರಿಯಾಗಿ ಏಳೇ ಇದ್ದದ್ದರಿಂದ ವಿಜಯಪುರದ ಸೆಷನ್ಸ್ ನ್ಯಾಯಾಲಯ ಸಾಕಾಯಿತು. ಆದರೆ ಮೂವತ್ತು ದಿನದ ಗಡುವು ಮೀರಿ ಐವತ್ತು ದಿನ ಆಗಿತ್ತು. ಅವನ ಸಹಿಗೆ ಜೈಲಿನ ಮೇಲಧಿಕಾರಿಯ ದೃಢೀಕರಣ ಇಲ್ಲವೆಂದು ವಿಳಂಬದ ಅಫಿಡವಿಟ್ ಒಮ್ಮೆ ವಾಪಸು ಬಂತು. ಎರಡನೇ ಸಲ ಎಲ್ಲ ಸರಿಮಾಡಿ ಹಾಕಿದಾಗ ನ್ಯಾಯಾಧೀಶರು ವಿಳಂಬ ಮನ್ನಿಸಿ ಮೇಲ್ಮನವಿಯನ್ನು ಅಂಗೀಕರಿಸಿದರು.

ಮೇಲ್ಮನವಿಯಲ್ಲಿ ಎರಡು ದೊಡ್ಡ ಕಾರಣಗಳನ್ನು ಬರೆದಿದ್ದೆ. ಮೊದಲನೆಯದು ಪ್ರಯೋಗಾಲಯದ ವರದಿ. ಹೆಂಗಸರಿಬ್ಬರದೂ ಬಿ ಗುಂಪಿನ ರಕ್ತ, ಅಣ್ಣನದು ಓ. ವಶಪಡಿಸಿಕೊಂಡ ಕೊಡಲಿಯ ಮೇಲೆ ಸಿಕ್ಕಿದ್ದು ಓ ಮಾತ್ರ. ಹಾಗಾದರೆ ಶೆಡ್ಡಿನಲ್ಲಿ ಬಳಸಿದ್ದು ಈ ಕೊಡಲಿಯೇ ಎಂಬುದಕ್ಕೆ ಏನು ಪುರಾವೆ? ಎರಡನೆಯದು, ಅದೂ ಆಗದಿದ್ದರೆ, ಮೂರೂ ಹೊಡೆತಗಳು ಸಿಟ್ಟಿನ ಒಂದೇ ಓಟದಲ್ಲಿ ನಡೆದವು. ಸರಕಾರವೇ ಒಂದೇ ಘಟನಾವಳಿ ಎಂದು ಒಂದೇ ಮೊಕದ್ದಮೆ ಹೂಡಿತ್ತು. ಆದ್ದರಿಂದ ಶಿಕ್ಷೆಗಳೂ ಏಕಕಾಲಕ್ಕೆ ನಡೆಯಬೇಕು. ಬರೆದು ಮುಗಿಸಿದಾಗ ಕೆಲಸ ಗಟ್ಟಿಯಾಗಿದೆ ಅನ್ನಿಸಿತ್ತು.

ವಾದಕ್ಕೆ ಮೊದಲು ಸ್ಥಳ ನೋಡದೆ ನಾನು ನಿಲ್ಲುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕಾರು ತೆಗೆದುಕೊಂಡು ತಿಕೋಟಾಕ್ಕೆ ಹೋದೆ. ಅದೇ ಶೆಡ್ಡು. ತಂತಿ ಜಾಳಿಗೆಯ ಅಂತಸ್ತುಗಳು ಒಂದರ ಮೇಲೊಂದು, ಸುತ್ತ ಹಸಿರು ಬಲೆ, ನಡುನಡುವೆ ಕಬ್ಬಿಣದ ಕಂಬಗಳು. ಗಾಯಗೊಂಡ ಜೊತೆಗಾತಿ ಅಲ್ಲಿಯೇ ಕೆಲಸ ಮಾಡುತ್ತಿದ್ದಳು. ಐವತ್ತರ ಹೆಂಗಸು, ಎಡಗೈ ಸೊಟ್ಟಗೆ ಕೂಡಿಕೊಂಡಿತ್ತು. ನಾನು ಯಾರೆಂದು ಮೊದಲೇ ಹೇಳಿಬಿಟ್ಟೆ.

“ಯಾರ ಕಡಿ ವಕೀಲ್ರಿ?” ಎಂದು ಮತ್ತೊಮ್ಮೆ ಕೇಳಿದಳು.

“ಅವನ ಕಡೆ. ನಿಮಗ ಮಾತಾಡೂ ಮನಸಿಲ್ಲಂದ್ರ ಹೋಗ್ತೀನಿ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಕೋರ್ಟಿನ್ಯಾಗ ಹೇಳಿದ್ದನ್ನ ಹೇಳ್ತೀನ್ರಿ. ಹೊಸಾದೇನಿಲ್ಲ.”

ಮೂರನೇ ಸಾಲಿನ ಕಂಬದ ಹತ್ತಿರ ಕರೆದುಕೊಂಡು ಹೋಗಿ ನಿಂತಳು.

“ಇಲ್ಲೇ ಹಣ್ಣ ಹರವಾಕತ್ತಿದ್ವಿರಿ ಇಬ್ಬರೂ. ಆಕಿ ಆ ಕಡೆ ಮಾರಿ ಮಾಡಿದ್ಲು. ಅವ ಬರೂದು ನಾ ನೋಡಿದ್ನಿ. ಕೈಯಾಗ ಕೊಡ್ಲಿ ಇತ್ತು. ಕಟಗಿ ಕಡ್ಯಾಕ ಬಂದಾನಂತ ತಿಳದ್ನಿ ನೋಡ್ರಿ, ಎಂಥಾ ಹುಚ್ಚಿ ನಾ. ಎತ್ತಿದಾಗ ಒದರಿದ್ನಿ. ಆಕಿ ತಿರುಗಿ ಕೈ ಅಡ್ಡ ಹಿಡದ್ಲು. ನಾ ಆಕೀನ ಹಿಂದ ಎಳಿಯಾಕ ಕೈ ಚಾಚಿದ್ನಿ. ಆಕಿ ಬೆರಳ ಹಾರಿದೂ, ಅದ ಕೊಡ್ಲಿ ಬಂದು ನನ್ನ ಕೈಯಾಗ ನಟ್ಟತು.”

“ಒಂದ ಏಟಿಗೆ?”

“ಒಂದ ಏಟ್ರಿ. ಕಾಲಿಲೆ ನನ್ನ ಒದ್ದು ಕೊಡ್ಲಿ ಕಿತ್ತಗೊಂಡ. ಆ ಸಪ್ಪಳ ಇನ್ನೂ ಕಿವ್ಯಾಗ ಐತ್ರಿ, ಹಸಿ ಕಟಗಿ ಸೀಳಿದಂಗ. ಮತ್ತ ಬೀಸಿದ. ಅಷ್ಟರಾಗ ನಾ ಆಕೀನ ಜಾಳಗಿ ಬುಡಕ ಕೆಡವಿದ್ನಿ. ಕೊಡ್ಲಿ ಈ ಕಂಬಕ್ಕ ಬಡೀತು.”

ಕಂಬದ ಮೇಲೆ ಎದೆಯೆತ್ತರದಲ್ಲಿ ಕಚ್ಚು ಇತ್ತು. ಬೆರಳಿಟ್ಟು ನೋಡಿದೆ. ಉಗುರು ಮುಳುಗುವಷ್ಟು ಆಳ. ಈ ಕಚ್ಚು ಪಂಚನಾಮೆಯಲ್ಲೂ ಇದೆ ಎಂದು ನೆನಪಾಯಿತು.

“ನನ್ನ ಕೈಗೆ ಎಷ್ಟ ವರ್ಷ ಹಾಕ್ಯಾರ್ರಿ?” ಎಂದು ಕೇಳಿದಳು.

“ಎರಡು.”

“ಆಕಿ ಬೆರಳಿಗಿ?”

“ಎರಡು. ಎರಡೂ ಬ್ಯಾರೆ ಬ್ಯಾರೆ ಅಂತ ನಾಕು ಮಾಡ್ಯಾರ. ಅದನ್ನ ಒಂದ ಮಾಡ್ರಿ ಅಂತ ನಾ ಕೇಳೂದು.”

ಅವಳು ಸೊಟ್ಟ ಕೈಯನ್ನು ಬಲಗೈಯಲ್ಲಿ ಹಿಡಿದುಕೊಂಡಳು. “ಅವ ಹೊರಗ ಬರಬಾರದ್ರಿ. ಅದು ನನ್ನ ಮಾತು. ಆದ್ರ ಏಟ ಒಂದ ಖರೇರಿ. ಅವನ ಮ್ಯಾಲಿನ ಸಿಟ್ಟಿಗೆ ಎರಡ ಅಂತ ಹೇಳಂಗಿಲ್ಲ ನಾ.”

ಅಲ್ಲಿಂದ ಗಡಿಯಾರ ನೋಡಿಕೊಂಡು ನಿಡೋಣಿಯ ಆ ಹೊಲದವರೆಗೆ ಕಾರು ಓಡಿಸಿದೆ. ಅವಸರ ಮಾಡಲಿಲ್ಲ, ತಡವೂ ಮಾಡಲಿಲ್ಲ. ನಲವತ್ತು ನಿಮಿಷ. ಶೆಡ್ಡಿನ ಘಟನೆ ಒಂಬತ್ತಕ್ಕೆ. ಎರಡನೆಯದು ‘ಹತ್ತರ ಸುಮಾರಿಗೆ’ ಎಂದು ಅಣ್ಣನ ಹೆಂಡತಿ ಸಾಕ್ಷಿ ನುಡಿದಿದ್ದಳು. ಅಲ್ಲಿಗೆ ಸರಿಹೋಗುತ್ತದೆ. ಆದರೆ ವಿಜಯಪುರದ ಆಸ್ಪತ್ರೆಯ ದಾಖಲಾತಿಯಲ್ಲಿ ಅಣ್ಣನನ್ನು ತಂದದ್ದು ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ. ದಾರಿಗೆ ಒಂದು ತಾಸು ಕಳೆದರೂ ಎರಡು ತಾಸು ಉಳಿಯುತ್ತದೆ; ತಲೆ ಒಡೆದವನನ್ನು ಯಾರೂ ಅಷ್ಟು ಹೊತ್ತು ಹೊಲದಲ್ಲಿ ಮಲಗಿಸುವುದಿಲ್ಲ. ನಡುವೆ ಎಲ್ಲೋ ಕಾಲ ಕಾಣೆಯಾಗಿತ್ತು. ಸರಕಾರದ ಕಡೆಯವರು ಅದನ್ನು ಕೇಳಿರಲಿಲ್ಲ, ಕೆಳಗಿನ ನ್ಯಾಯಾಲಯವೂ ಕೇಳಿರಲಿಲ್ಲ. ಮೇಲಿನ ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ. ಉತ್ತರ ನನ್ನ ಬಳಿ ಇರಬೇಕು.

ಜೈಲಿನಲ್ಲಿ ವಕೀಲರ ಭೇಟಿಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಅವನು ಬಂದು ಕೈಮುಗಿದು ಕುಳಿತ. ನಲವತ್ತರೊಳಗಿನ ಸಣಕಲು ಆಳು, ದನಿ ಮೆತ್ತಗೆ. ಮೊದಲು ಕೇಳಿದ್ದು ತನ್ನ ಮೇಲ್ಮನವಿಯ ಬಗ್ಗೆ ಅಲ್ಲ.

“ಆಕಿ ಇನ್ನೂ ನಿಡೋಣ್ಯಾಗ ಅದಾಳೇನ್ರಿ ಅಕ್ಕಾರ?”

“ಅದು ನನಗ ಸಂಬಂಧಿಲ್ಲ,” ಎಂದೆ. “ಶಿಕ್ಷಾ ಏಳರಿಂದ ಮೂರಕ್ಕ ಇಳದ್ರ ನೀ ಅವತ್ತ ಹೊರಗ. ಅದಕ್ಕ ಶೆಡ್ಡಿನಿಂದ ಹೊಂಟು ಹೊಲಕ್ಕ ಮುಟ್ಟೂತನಕಾ ಏನೇನಾತು, ಒಂದೂ ಬಿಡದಂಗ ಹೇಳು. ನೀ ಹೇಳಿದ್ದು ಈ ಕೋಣಿ ದಾಟಂಗಿಲ್ಲ.”

ಅವನು ಹೇಳಿದ. ಚಾಟ್ನಿ ಕೆಲಸ ಹೇಗೆ ಮಾಡುತ್ತಾರೆಂದು ವಿವರಿಸುವವನ ಹಾಗೆ, ಒಂದೊಂದಾಗಿ.

“ಬಬಲೇಶ್ವರದಾಗ ಗಾಡಿ ನಿಲ್ಲಿಸಿದ್ನಿರಿ. ಹೊಟ್ಟಿ ಹಸದಿತ್ತು. ಸುಸಲಾ ತಿಂದ್ನಿ, ಚಾ ಕುಡದ್ನಿ. ಮುಂದ ಒಂದ ತ್ವಾಟದಾಗ ಬೋರಿನ ಕಟ್ಟಿ ಮ್ಯಾಗ ಕುಂತು ಕೊಡ್ಲಿ ತೊಳದ್ನಿ. ಕಂಬಕ್ಕ ಬಡದು ಬಾಯಿ ಮುರದಿತ್ತು. ಅಲ್ಲೇ ಕಲ್ಲಿಗಿ ಮಸದ್ನಿ.”

“ಎಷ್ಟೊತ್ತು?”

“ಬಾಯಿ ಕೂಡೂತನಕಾರಿ. ಒಂದ ತಾಸ ಹಿಡದಿರಬೇಕು.”

“ಯಾಕ ಮಸದಿ?”

ಪ್ರಶ್ನೆ ಅವನಿಗೆ ವಿಚಿತ್ರವೆನ್ನಿಸಿದಂತೆ ಕಂಡಿತು. “ಮೊಂಡ ಕೊಡ್ಲಿಲೆ ತಲಿ ಒಡಿಯಂಗಿಲ್ಲಲ್ರಿ.”

ನನ್ನ ಪೆನ್ನು ನಿಂತಿತ್ತು. ಅವನು ನಿಲ್ಲಿಸಲಿಲ್ಲ.

“ಅವ ಬಗ್ಗಿ ನೀರ ತಿರುವಾಕತ್ತಿದ್ದ. ಭಾವಾ ಅಂತ ಕರದ್ನಿ.”

“ಯಾಕ ಕರದಿ?”

“ತಲಿ ಎತ್ತಲಿ ಅಂತ್ರಿ. ಆಕೀಗಿ ಅನ್ನಾ ಹಾಕಿ ಇಟಗೊಂಡವ ಅವನ. ಅವ ಇರೂತನಕಾ ಆಕಿ ತಿರುಗಿ ಬರಂಗಿರಲಿಲ್ಲ. ಎತ್ತಿದ, ಹೊಡದ್ನಿ. ಎರಡನೇದು ಹೊಡಿಯೂದರಾಗ ಆಳ ಓಡಿ ಬಂದ್ರು.”

ಹೊರಗೆ ಬಂದು ಕಾರಿನಲ್ಲಿ ಕುಳಿತೆ. ನನ್ನ ಎರಡೂ ಕಾರಣಗಳು ಒಂದೇ ಮಾತಿಗೆ ಸತ್ತುಹೋಗಿದ್ದವು. ಕೊಡಲಿಯ ಮೇಲೆ ಬಿ ಗುಂಪಿನ ರಕ್ತ ಇಲ್ಲದ್ದು ಅದು ಬೇರೆ ಕೊಡಲಿಯಾದ್ದರಿಂದ ಅಲ್ಲ, ಅವನು ತೊಳೆದದ್ದರಿಂದ. ಸಿಟ್ಟಿನ ಒಂದೇ ಓಟ ಎಂದು ನಾನು ಬರೆದಿದ್ದೆ. ಆ ಓಟದ ನಡುವೆ ಅವನು ನಾಷ್ಟಾ ಮಾಡಿ, ಕಲ್ಲಿನ ಮೇಲೆ ಕುಳಿತು, ಒಂದು ತಾಸು ಕೊಡಲಿ ಮಸೆದಿದ್ದ. ಮನೆಗೆ ಹೋಗಿ ಪಂಚನಾಮೆಯನ್ನು ಮತ್ತೆ ತೆಗೆದೆ. ವಶಪಡಿಸಿಕೊಂಡ ಕೊಡಲಿಯ ವಿವರದಲ್ಲಿ ತನಿಖಾಧಿಕಾರಿ ಒಂದು ಸಾಲು ಬರೆದಿದ್ದರು: ‘ಬಾಯಿ ಹೊಸದಾಗಿ ಮಸೆದಂತಿದ್ದು, ಮುಕ್ಕು ಇಲ್ಲ.’ ಕಬ್ಬಿಣದ ಕಂಬಕ್ಕೆ ಉಗುರು ಮುಳುಗುವಷ್ಟು ಕಚ್ಚು ಹಾಕಿದ ಕೊಡಲಿಗೆ ಮುಕ್ಕು ಇಲ್ಲ. ನಾನು ಆ ಸಾಲನ್ನು ಹತ್ತು ಸಲ ದಾಟಿ ಓದಿದ್ದೆ.

ನಾನು ಕೆಲಸ ಕಲಿತ ಹಿರಿಯ ವಕೀಲರಿಗೆ ಫೋನು ಮಾಡಿದೆ. ಹೆಸರು, ಊರು ಹೇಳದೆ, ಕಕ್ಷಿದಾರ ನಿಜ ಹೇಳಿದ್ದಾನೆ, ನಿಜ ನನ್ನ ವಾದಕ್ಕೆ ವಿರುದ್ಧ ಇದೆ ಎಂದಷ್ಟೇ ಹೇಳಿದೆ.

“ದಾಖಲೆಯೊಳಗ ಏನೈತಿ?” ಎಂದು ಕೇಳಿದರು.

“ಎರಡನೇದು ಹತ್ತು ಗಂಟೆಕ್ಕ ಅಂತ ಸಾಕ್ಷಿ ಐತ್ರಿ.”

“ಹಂಗಾರ ಹತ್ತು ಅಂತ ವಾದಾ ಮಾಡವಾ. ಸಾಕ್ಷಿ ಹೇಳಿದ್ದನ್ನ ಓದೂದು ಸುಳ್ಳಲ್ಲ. ನಿನಗ ಗೊತ್ತಿದ್ದದ್ದು ನಿನ್ನ ಹೊಟ್ಟ್ಯಾಗ ಇರಬೇಕು.”

ಕೊನೆಯ ಮಾತು ಸರಿಯಾಗಿತ್ತು. ಅವನು ಹೇಳಿದ್ದನ್ನು ಹೊರಗೆ ಹಾಕುವ ಹಕ್ಕು ನನಗೆ ಇಲ್ಲ. ಆದರೆ ಅದನ್ನು ಬಚ್ಚಿಡುವುದು ಬೇರೆ, ಅದಕ್ಕೆ ವಿರುದ್ಧವಾದದ್ದನ್ನು ನನ್ನ ಬಾಯಿಂದ ನಿಜವೆಂದು ಹೇಳುವುದು ಬೇರೆ. ಎರಡು ದಿನ ನಾನು ಆ ಎರಡರ ನಡುವೆ ತಿರುಗಿದೆ. ಕೋರ್ಟಿನಲ್ಲಿ ನಿಂತು ‘ಅವನು ಉಸಿರು ತಿರುಗಿಸಿಕೊಳ್ಳದೆ ಹೋಗಿ ಹೊಡೆದ’ ಎನ್ನುವುದನ್ನು ಬಾಯಿ ಬಿಟ್ಟು ಅಭ್ಯಾಸ ಮಾಡಿದೆ. ವಾಕ್ಯ ಚೆನ್ನಾಗಿತ್ತು. ಹೇಳುವಾಗ ಕಲ್ಲಿಗೆ ಕಬ್ಬಿಣ ಉಜ್ಜುವ ಸಪ್ಪಳ ಕಿವಿಯಲ್ಲಿ ಬರುತ್ತಿತ್ತು.

ಕೊನೆಗೆ ನಿರ್ಧರಿಸಿದೆ. ಅಪರಾಧಿ ಹೌದೋ ಅಲ್ಲವೋ ಎಂಬ ವಾದವನ್ನು ಬಿಡುವುದು. ಮೂರನೆಯ ಶಿಕ್ಷೆಯ ಬಗ್ಗೆ ಬಾಯಿ ತೆರೆಯದಿರುವುದು. ಶೆಡ್ಡಿನ ಎರಡು ಗಾಯ ಒಂದೇ ಏಟಿನವು, ಅವುಗಳ ಎರಡು ಶಿಕ್ಷೆಗಳು ಏಕಕಾಲಕ್ಕೆ ನಡೆಯಲಿ ಎಂಬುದೊಂದನ್ನೇ ಹಿಡಿಯುವುದು. ಅದು ನಿಜವಾಗಿತ್ತು, ದಾಖಲೆಯಲ್ಲೂ ಇತ್ತು. ಏಳು ಇದ್ದದ್ದು ಐದಾಗುತ್ತದೆ. ಮೂರಾಗುವುದಿಲ್ಲ. ಇದು ಆತ್ಮಸಾಕ್ಷಿಯೋ, ಮೇಲಿನ ನ್ಯಾಯಾಧೀಶರು ಆ ಮುಕ್ಕಿಲ್ಲದ ಕೊಡಲಿಯನ್ನು ಕಂಡುಹಿಡಿದರೆ ಎಲ್ಲವೂ ಹೋದೀತೆಂಬ ಲೆಕ್ಕಾಚಾರವೋ, ನನಗೆ ಇವತ್ತಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಎರಡೂ ಇದ್ದವು.

ಆದರೆ ಕಾರಣಗಳನ್ನು ಬಿಡುವುದು ನನ್ನೊಬ್ಬಳ ಕೈಯಲ್ಲಿಲ್ಲ. ಅವನು ಒಪ್ಪಿ ಬರೆದುಕೊಡಬೇಕು.

ಎರಡನೇ ಭೇಟಿಯಲ್ಲಿ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿದ. ಐದು ವರ್ಷ ಎಂದಾಗ ಮಾತ್ರ ತಲೆ ನಿಂತಿತು.

“ಮೂರಾದ್ರ ನಾ ಇವತ್ತ ಹೊರಗ ಅಂದಿದ್ದಿಲ್ಲ ನೀ?”

“ನೀ ಹೇಳೂದಕ್ಕಿಂತ ಮೊದಲ ಅಂದಿದ್ದೆ.”

“ಹೇಳು ಅಂದಾಕಿ ನೀನ! ಈ ಕೋಣಿ ದಾಟಂಗಿಲ್ಲ ಅಂದಾಕಿ ನೀನ!”

“ದಾಟೂದೂ ಇಲ್ಲ. ಆದ್ರ ನಾ ಸುಳ್ಳ ವಾದಾ ಮಾಡಂಗಿಲ್ಲ. ನಾ ಬ್ಯಾಡಂದ್ರ ಬ್ಯಾರೆ ವಕೀಲರನ್ನ ಕೇಳು. ಅದು ನಿನ್ನ ಹಕ್ಕು. ನಾ ಒಂದ ಮಾತೂ ಆಡದ ಕಡತ ಕೊಡ್ತೀನಿ.”

ಅವನು ಎದ್ದದ್ದು ನನಗೆ ಕಾಣಿಸಲಿಲ್ಲ. ಮೇಜು ನನ್ನ ಹೊಟ್ಟೆಗೆ ಬಡಿಯಿತು, ನನ್ನ ಮುಂಗೈ ಅವನ ಹಿಡಿಯಲ್ಲಿತ್ತು. ಸಣಕಲು ಕೈ ಎಂದು ನಾನು ಅಂದುಕೊಂಡದ್ದು ದಿನಕ್ಕೆ ಸಾವಿರ ಸಲ ಕತ್ತರಿ ಒತ್ತುವ ಕೈ. ತಿರುಚಿದ. “ನಿಮ್ಮೌನ, ನೀವೆಲ್ಲಾ ಒಂದ, ಆಕೀನೂ ನೀನೂ!” ಎಂದು ಮುಖದ ಹತ್ತಿರ ಬಂದು ಚೀರಿದ. ಸಿಬ್ಬಂದಿ ಇಬ್ಬರು ಓಡಿಬಂದು ಎಳೆದು ನೆಲಕ್ಕೆ ಒತ್ತಿದರು. ನೆಲಕ್ಕೆ ಬಿದ್ದವನು ಹಣೆಯನ್ನು ತಾನೇ ಫರಸಿಗೆ ಬಡಿದುಕೊಳ್ಳತೊಡಗಿದ, ಒಂದು, ಎರಡು, ಮೂರು, ರಕ್ತ ಹುಬ್ಬಿನಿಂದ ಇಳಿಯುವವರೆಗೆ. ಹೆಂಡತಿ ಹನ್ನೆರಡು ವರ್ಷ ಈ ಕೈಯ ಕೆಳಗೆ ಹೇಗೆ ಬದುಕಿದ್ದಳೆಂಬುದು ಸಾಕ್ಷಿ ಹಾಳೆಗಳಲ್ಲಿ ಇರಲಿಲ್ಲ. ನನಗೆ ಅರ್ಧ ನಿಮಿಷದಲ್ಲಿ ಗೊತ್ತಾಯಿತು.

ಮೂಳೆ ಮುರಿದಿರಲಿಲ್ಲ. ಮಣಿಕಟ್ಟು ಹತ್ತು ದಿನ ಬಾತಿತ್ತು. ನಾನು ಅವನ ಮೇಲೆ ದೂರು ಕೊಡಲಿಲ್ಲ. ಬೇರೆ ವಕೀಲರನ್ನು ನೇಮಿಸಬಹುದು ಎಂದು ಕಾನೂನು ನೆರವಿನ ಕಚೇರಿಗೆ ಪತ್ರ ಬರೆದೆ. ಉತ್ತರವಾಗಿ ಜೈಲಿನಿಂದ ಸುದ್ದಿ ಬಂತು: ಕೈದಿ ಸಹಿ ಮಾಡಲು ಒಪ್ಪಿದ್ದಾನೆ, ಅದೇ ವಕೀಲರು ಬರಲಿ ಎನ್ನುತ್ತಾನೆ.

ಮೂರನೇ ಭೇಟಿಯಲ್ಲಿ ಒಬ್ಬ ಸಿಬ್ಬಂದಿ ಬಾಗಿಲ ಹೊರಗೆ, ಮಾತು ಕೇಳಿಸದಷ್ಟು ದೂರದಲ್ಲಿ, ನಮ್ಮನ್ನು ನೋಡುತ್ತ ನಿಂತಿದ್ದ. ಒಪ್ಪಿಗೆ ಪತ್ರವನ್ನು ಎರಡು ಸಲ ಓದಿ ಹೇಳಿದೆ. ಅವನು ನಿಧಾನವಾಗಿ, ಅಕ್ಷರ ಕೂಡಿಸಿ ಸಹಿ ಮಾಡಿದ.

“ಯಾಕ ಒಪ್ಪಿದಿ?” ಎಂದು ಕೇಳಿದೆ. ಕೇಳದಿದ್ದರೂ ನಡೆಯುತ್ತಿತ್ತು.

“ಬ್ಯಾರೆ ವಕೀಲ್ರ ಬಂದ್ರ ಮತ್ತ ಮೊದಲಿಂದ ಹೇಳಬೇಕಾಕ್ಕೈತ್ರಿ,” ಎಂದ. “ಒಮ್ಮಿ ಹೇಳಿದಾಗಿಂದ ನಿದ್ದಿ ಇಲ್ಲ. ಇನ್ನೊಮ್ಮಿ ಆಗಂಗಿಲ್ಲ.”

ವಾದದ ದಿನ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಅಣ್ಣ ಕುಳಿತಿದ್ದ. ದೊಡ್ಡ ಆಳು, ತಲೆಯ ಎಡಭಾಗದಲ್ಲಿ ಅಂಗೈಯಷ್ಟು ತಗ್ಗು. ಪಕ್ಕದಲ್ಲಿ ಅವನ ಹೆಂಡತಿ.

ನಾನು ಎದ್ದು, ಅಪರಾಧ ನಿರ್ಣಯವನ್ನು ಪ್ರಶ್ನಿಸುವುದಿಲ್ಲ ಎಂದು ಕಕ್ಷಿದಾರನ ಲಿಖಿತ ಒಪ್ಪಿಗೆಯನ್ನು ಸಲ್ಲಿಸಿದೆ. ಸರಕಾರಿ ಅಭಿಯೋಜಕರು ತಲೆ ಎತ್ತಿ ನೋಡಿದರು. ಅವರು ರಕ್ತದ ಗುಂಪಿನ ವಾದಕ್ಕೆ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದರು. ಜೊತೆಗಾತಿಯ ಸಾಕ್ಷ್ಯ ಓದಿದೆ: ಒಂದು ಏಟು. ವೈದ್ಯರ ಪಾಟೀ ಸವಾಲು ಓದಿದೆ: ಇಬ್ಬರ ಗಾಯಗಳೂ ಒಂದೇ ಬೀಸಿನಲ್ಲಿ ಆಗಲು ಸಾಧ್ಯ, ಕೋನ ಹೊಂದುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಮೂವತ್ತೊಂದನೇ ಕಲಮಿನಲ್ಲಿ ಏಕಕಾಲಕ್ಕೆ ಎಂದು ಆದೇಶಿಸುವ ಅಧಿಕಾರ ಇರುವುದು ಇಂಥ ಸಂದರ್ಭಕ್ಕೇ ಎಂದೆ.

“ಎರಡನೇ ಸಲವೂ ಬೀಸಿದ್ದಾನೆ,” ಎಂದರು ಅಭಿಯೋಜಕರು. “ಮತ್ತು ಗಾಯಗೊಂಡದ್ದು ಎರಡು ದೇಹ, ಎರಡು ನೋವು. ಒಬ್ಬಳ ನೋವಿಗೆ ಲೆಕ್ಕವೇ ಇಲ್ಲವೆ?”

“ಎರಡನೇ ಬೀಸು ಕಂಬಕ್ಕೆ ತಗುಲಿದೆ. ಅದಕ್ಕೆ ಶಿಕ್ಷೆ ವಿಧಿಸಿಲ್ಲ,” ಎಂದೆ. “ಇಬ್ಬರಿಗಾಗಿಯೂ ಶಿಕ್ಷೆ ಇರಲಿ. ಕೊಡಲಿ ಎತ್ತಿದ್ದು ಒಂದು ಸಲ. ಅದೊಂದಕ್ಕೆ ದಿನಗಳನ್ನು ಎರಡು ಸಲ ಎಣಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ.”

ನ್ಯಾಯಾಧೀಶರು ಪುಟ ತಿರುವುತ್ತಿದ್ದರು. ಒಂದು ಪುಟದಲ್ಲಿ ನಿಲ್ಲಿಸಿದರು. “ಮೇಲ್ಮನವಿಯಲ್ಲಿ ಮೂರೂ ಒಂದೇ ಘಟನೆ ಎಂದು ಬರೆದಿದ್ದೀರಿ. ಒಂಬತ್ತಕ್ಕೂ ಆಸ್ಪತ್ರೆಯ ಒಂದೂ ಹತ್ತಕ್ಕೂ ನಡುವೆ ಏನಾಯಿತು?”

ನಾನು ಕೈಯಲ್ಲಿದ್ದ ಕಡತ ಮುಚ್ಚಿದೆ.

“ಆ ಕಾರಣವನ್ನು ನಾನು ಒತ್ತಾಯಿಸುವುದಿಲ್ಲ, ಸ್ವಾಮಿ. ಮೂರನೆಯ ಶಿಕ್ಷೆ ಪ್ರತ್ಯೇಕವಾಗಿ ನಡೆಯುವುದರ ಬಗ್ಗೆ ನನ್ನ ವಾದ ಇಲ್ಲ.”

ಅವರು ನನ್ನನ್ನು ಒಂದು ಕ್ಷಣ ನೋಡಿ, ಬರೆದುಕೊಂಡರು.

ಹೊರಗೆ ಮೆಟ್ಟಿಲ ಮೇಲೆ ಅಣ್ಣನ ಹೆಂಡತಿ ನನಗಾಗಿ ಕಾಯುತ್ತಿದ್ದಳು. ಅವಳ ಕೈ ನನ್ನ ಕೊರಳಿಗೆ ಬಂದಾಗ ಬಿಳಿ ಪಟ್ಟಿ ಹರಿದು ಅವಳ ಮುಷ್ಟಿಯಲ್ಲಿ ಉಳಿಯಿತು. ಗೋಡೆಗೆ ದೂಡಿದಳು; ತಲೆ ಕಲ್ಲಿಗೆ ತಗುಲಿತು.

“ನಿನ್ನ ಗಂಡನ ತಲಿ ಒಡದಿದ್ರ ಹಿಂಗ ನಿಂದರತಿದ್ದೇನ? ನಾಕ ಅಲ್ಲ ಎರಡ ಅಂತೀ, ಲೆಕ್ಕಾ ಹಾಕ್ತೀ? ಇವನ ಕಡೆ ನೋಡಲೇ!”

ನೋಡಿದೆ. ಅಣ್ಣ ಗೋಡೆ ಹಿಡಿದು ನಮ್ಮತ್ತ ಬರುತ್ತಿದ್ದ. ಬಾಯಿ ತೆರೆದು ಮುಚ್ಚಿ, ಕುತ್ತಿಗೆಯ ನರ ಉಬ್ಬಿ, ಕೊನೆಗೆ ಹೊರಬಂದದ್ದು “ಬ್ಯಾ... ಬ್ಯಾ...” ಅಷ್ಟೇ. ಬ್ಯಾಡ ಎನ್ನುತ್ತಿದ್ದ, ಹೆಂಡತಿಗೆ. ಪೇದೆಯೊಬ್ಬರು ಬಂದು ಅವಳನ್ನು ಬಿಡಿಸಿದರು. ಕೇಸು ಕೊಡುತ್ತೀರಾ ಎಂದು ಕೇಳಿದರು. ಬೇಡ ಎಂದೆ. ಅವಳ ಪ್ರಶ್ನೆಗೆ ಕೇಸು ಉತ್ತರ ಆಗುತ್ತಿರಲಿಲ್ಲ.

ಎರಡು ವಾರದ ನಂತರ ತೀರ್ಪು ಬಂತು. ಮೊದಲ ಎರಡು ಶಿಕ್ಷೆಗಳು ಏಕಕಾಲಕ್ಕೆ. ಮೂರನೆಯದು ಅವು ಮುಗಿದ ಮೇಲೆ. ಒಟ್ಟು ಐದು ವರ್ಷ. ಮೂರನೆಯದನ್ನು ಯಾಕೆ ಪ್ರತ್ಯೇಕ ಇಟ್ಟರೆಂಬುದಕ್ಕೆ ನ್ಯಾಯಾಧೀಶರು ಒಂದು ಪ್ಯಾರಾ ಬರೆದಿದ್ದರು. ಆಸ್ಪತ್ರೆಯ ಸಮಯ, ಕಂಬದ ಕಚ್ಚು, ಮುಕ್ಕಿಲ್ಲದ ಹೊಸ ಬಾಯಿ. ಇವುಗಳನ್ನು ಒಟ್ಟಿಗೆ ಓದಿದರೆ ಎರಡನೇ ಹಲ್ಲೆಗೆ ಮೊದಲು ಆಯುಧವನ್ನು ಸಿದ್ಧಪಡಿಸಲಾಗಿತ್ತೆಂದು ತೋರುತ್ತದೆ. ನಾನು ಹೇಳದ ಮಾತನ್ನು ಅವರು ನಾನು ಓದಿದ ಅವೇ ಹಾಳೆಗಳಿಂದ ತೆಗೆದಿದ್ದರು.

ನಾಲ್ಕು ದಿನ ಬಿಟ್ಟು, ಗೋಳಗುಮ್ಮಟದ ಕಡೆಯ ರಸ್ತೆಯಲ್ಲಿರುವ ನನ್ನ ಆಫೀಸಿಗೆ ಹೆಂಗಸೊಬ್ಬಳು ಬಂದಳು. ಬಲಗೈ ಸೆರಗಿನೊಳಗೆ. ಯಾರೆಂದು ಅವಳು ಹೇಳಬೇಕಾಗಲಿಲ್ಲ. ಅವಳನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ಜಗಳ ಮಾಡಾಕ ಬಂದಿಲ್ರಿ,” ಎಂದಳು. “ಅವ ಎಂದ ಹೊರಗ ಬರ್ತಾನ, ತಾರೀಖ ಬೇಕಾಗಿತ್ತು. ಮತ್ತ್ಯಾರಿಗೂ ಸರಿಯಾಗಿ ಗೊತ್ತಿಲ್ಲ.”

ಅದು ಗುಟ್ಟಲ್ಲ, ತೀರ್ಪಿನಲ್ಲೇ ಇರುವ ಲೆಕ್ಕ. ಕೂಡಿ ಕಳೆದು ಹೇಳಿದೆ, ಜೈಲಿನ ಮಾಫಿ ಸಿಕ್ಕರೆ ತುಸು ಮೊದಲೂ ಆಗಬಹುದೆಂದೂ ಹೇಳಿದೆ. ಅವಳು ತುಟಿ ಅಲುಗಿಸಿ ಬಾಯಿಪಾಠ ಮಾಡಿಕೊಂಡಳು.

“ಅಷ್ಟರಾಗ ಮಗಳ ಹತ್ತನೇತ್ತಿ ಮುಗೀತೈತಿ. ನಡಕ ಸೂಟಿ ಬಿಡ್ತಾರೇನ್ರಿ?”

“ಪೆರೋಲಿಗೆ ಅರ್ಜಿ ಹಾಕಬಹುದು.”

“ಬರಿಯೋರು ಯಾರು?”

“ಅವ ಕೇಳಿದ್ರ ನಾನ ಬರೀಬೇಕಾಕ್ಕೈತಿ.”

ಅವಳಿಗೆ ಸಿಟ್ಟು ಬರಲಿಲ್ಲ. “ಹಂಗಾರ ನನ್ನ ಅರ್ಜಿ ಯಾರು ಬರೀತಾರ್ರಿ?”

ಮೂರು ಮನೆ ಆಚೆ ನನ್ನ ಗೆಳತಿಯೊಬ್ಬಳ ಆಫೀಸು ಇದೆ, ಅವಳೂ ವಕೀಲೆ. ಎದ್ದು ಅಲ್ಲಿಗೆ ಕರೆದುಕೊಂಡು ಹೋದೆ. “ನಾ ಇವರ ವಿರುದ್ಧ ನಿಂತಾಕಿ. ಇವರ ಕಡೆ ನೀ ನಿಂದ್ರು,” ಎಂದಷ್ಟೇ ಹೇಳಿ, ಒಳಗೆ ಕೂರದೆ ಬಂದೆ. ಅವರಿಬ್ಬರೂ ಏನು ಮಾತಾಡಿದರೆಂದು ನಾನು ಕೇಳಲಿಲ್ಲ, ಗೆಳತಿ ಹೇಳಲೂ ಇಲ್ಲ.

ಐದು ತಿಂಗಳ ಮೇಲೆ ಅವನು ಪೆರೋಲ್ ಕೇಳಿದ. ಅರ್ಜಿಯನ್ನು ನಾನೇ ಬರೆದೆ, ಬರೆಯಬೇಕಾದಷ್ಟು ಚೆನ್ನಾಗಿಯೇ ಬರೆದೆ. ಪೊಲೀಸ್ ವರದಿಯ ಜೊತೆ ಹೆಂಡತಿಯ ಲಿಖಿತ ಆಕ್ಷೇಪಣೆಯೂ ಹೋಗಿತ್ತು. ಅರ್ಜಿ ತಿರಸ್ಕಾರವಾಯಿತು. ಅದನ್ನು ಅವನಿಗೆ ಓದಿ ಹೇಳಲು ಜೈಲಿಗೆ ಹೋದೆ.

“ಬ್ಯಾಡ ಅಂದವರ್ಯಾರು?” ಎಂದು ಕೇಳಿದ.

“ನಿನ್ನ ಹೆಂಡತಿ. ಬರದು ಕೊಟ್ಟಾಳ.”

ನಾನು ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡೇ ಕುಳಿತಿದ್ದೆ. ಅವನು ಏಳಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದ.

“ಆಕಿ ಯಾವತ್ತೂ ನನಗ ಬ್ಯಾಡ ಅಂದಿರಲಿಲ್ರಿ ಅಕ್ಕಾರ,” ಎಂದ.

“ಈಗ ಅಂದಾಳ,” ಎಂದೆ.